ಕಿಮೋ ಬೇಕೆ, ಬೇಡವೆ? ಪುಸ್ತಕಗಳು ಹೇಳದೆ ಬಿಟ್ಟ ಮಾತು

ಕ್ಯಾನ್ಸರ್ ಬಂದವರ ಬಗ್ಗೆ ಬರೆಯುವಾಗ ನಮಗೆಲ್ಲ ಒಂದು ಪದ ಸುಲಭವಾಗಿ ಸಿಕ್ಕಿಬಿಡುತ್ತದೆ. ಅದು ‘ಹೋರಾಟ’. ಬದುಕಿ ಉಳಿದವರು ಗೆದ್ದರು, ತೀರಿಕೊಂಡವರು ಸೋತರು. ಸಿನಿಮಾದಲ್ಲಾಗಲಿ, ಪತ್ರಿಕೆಯ ಸಂದರ್ಶನದಲ್ಲಾಗಲಿ ಬೋಳುತಲೆಯ ನಗುಮುಖವೊಂದು ಕಾಣಿಸಿದರೆ ಕತೆ ಮುಗಿಯಿತು. ಆದರೆ ಮೂವತ್ತೈದರ ಹೆಣ್ಣುಮಗಳೊಬ್ಬಳಿಗೆ ಸ್ತನದ ಗಂಟು ತೆಗೆದ ಮೇಲೆ ವೈದ್ಯರು ಕಿಮೋಥೆರಪಿಯ ಮಾತೆತ್ತಿದಾಗ ಅವಳ ಮುಂದಿರುವ ಪ್ರಶ್ನೆಗಳು ಬೇರೆ. ಇದರಿಂದ ನನಗೆ ಎಷ್ಟು ಪ್ರಯೋಜನ? ನಾನು ಕಳೆದುಕೊಳ್ಳುವುದೇನು? ಇದನ್ನು ತೀರ್ಮಾನಿಸುವವರು ಯಾರು? ಈ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ಸ್ತನ ಕ್ಯಾನ್ಸರ್ ಅನುಭವಿಸಿದ ಅಮೆರಿಕದ ನಾಲ್ವರು ಲೇಖಕಿಯರನ್ನು ಓದಿದಾಗ ನಮಗೆ ತೋರಿದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಮೊದಲನೆಯವರು ಸೂಸಾನ್ ಸೊಂಟಾಗ್. 1975ರಲ್ಲಿ, 42ರ ವಯಸ್ಸಿನಲ್ಲಿ, ಅವರಿಗೆ ಮುಂದುವರಿದ ಹಂತದ ಸ್ತನ ಕ್ಯಾನ್ಸರ್ ಇರುವುದು ತಿಳಿಯಿತು. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಎರಡು ವರ್ಷಕ್ಕೂ ಹೆಚ್ಚು ಕಾಲ ಅವರು ಕಿಮೋ ತೆಗೆದುಕೊಂಡರು. 1978ರಲ್ಲಿ ಬಂದ ಅವರ ‘ಇಲ್‌ನೆಸ್ ಆ್ಯಸ್ ಮೆಟಫರ್’ ಕೃತಿ, ರೋಗಕ್ಕೆ ಯುದ್ಧದ ಭಾಷೆಯನ್ನು ಹಚ್ಚುವುದನ್ನು ಮೊದಲು ಪ್ರಶ್ನಿಸಿದ ಕೃತಿಗಳಲ್ಲಿ ಒಂದು. ಕ್ಯಾನ್ಸರ್ ಒಂದು ಶಾಪವಲ್ಲ, ಮನಸ್ಸಿನಲ್ಲಿ ಅದುಮಿಟ್ಟ ದುಃಖದ ಫಲವೂ ಅಲ್ಲ, ಅದು ಬರೇ ಒಂದು ರೋಗ ಎಂಬುದು ಅವರ ವಾದ. ಈ ಮಾತು ಸಾವಿರಾರು ಮಂದಿಯನ್ನು ಪಾಪಪ್ರಜ್ಞೆಯಿಂದ ಬಿಡಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಇಡೀ ಪುಸ್ತಕದಲ್ಲಿ ಲೇಖಕಿ ತಮ್ಮ ರೋಗದ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ. ಆ ಕಠಿಣ ಚಿಕಿತ್ಸೆಯನ್ನು ಹೇಗೆ ಆರಿಸಿಕೊಂಡರು ಎಂಬುದು ಪುಸ್ತಕದ ಹೊರಗೇ ಉಳಿಯಿತು.

ಆಡ್ರೆ ಲಾರ್ಡ್ ಆ ಮೌನವನ್ನು ಮುರಿದರು. ಕಪ್ಪು ಕವಯಿತ್ರಿಯಾದ ಅವರ ಒಂದು ಸ್ತನವನ್ನು 1978ರಲ್ಲಿ ತೆಗೆಯಲಾಯಿತು. 1980ರ ‘ದಿ ಕ್ಯಾನ್ಸರ್ ಜರ್ನಲ್ಸ್’ನಲ್ಲಿ ಅವರು ಕೃತಕ ಸ್ತನವನ್ನು ಧರಿಸಲು ಒಪ್ಪದೆ, ಇರುವ ದೇಹವನ್ನು ಇದ್ದಂತೆ ತೋರಿಸುವ ಹಕ್ಕನ್ನು ಕೇಳಿದರು. 1984ರಲ್ಲಿ ರೋಗ ಯಕೃತ್ತಿಗೆ ಹರಡಿದೆ ಎಂದು ವೈದ್ಯರು ಹೇಳಿದಾಗ ಬಯಾಪ್ಸಿಯನ್ನು ನಿರಾಕರಿಸಿ ಯುರೋಪಿನಲ್ಲಿ ಬದಲಿ ಚಿಕಿತ್ಸೆ ಪಡೆದರು. 1992ರಲ್ಲಿ ತೀರಿಕೊಂಡರು. ಇನ್ನೊಬ್ಬರು ಕಾದಂಬರಿಕಾರ್ತಿ ಕ್ಯಾಥಿ ಆಕರ್. 1996ರಲ್ಲಿ ರೋಗ ಪತ್ತೆಯಾದಾಗ ಅವರಿಗೆ ಆರೋಗ್ಯ ವಿಮೆ ಇರಲಿಲ್ಲ. ಎರಡೂ ಸ್ತನಗಳನ್ನು ತೆಗೆಸಿಕೊಂಡರು, ಕಿಮೋ ಬೇಡವೆಂದರು. ಆ ನಿರಾಕರಣೆಯನ್ನು ಸಮರ್ಥಿಸಿ 1997ರ ಜನವರಿಯಲ್ಲಿ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಲೇಖನ ಬರೆದರು. ಅದೇ ವರ್ಷದ ನವೆಂಬರ್‌ನಲ್ಲಿ ಅವರು ಇಲ್ಲವಾದರು.

ಲಾರ್ಡ್ ಎಂಟು ವರ್ಷ ಬದುಕಿದ್ದನ್ನು ಬದಲಿ ಚಿಕಿತ್ಸೆಗೆ ಸಾಕ್ಷಿಯೆಂದು ತೋರಿಸುವುದು ಎಷ್ಟು ತಪ್ಪೋ, ಆಕರ್ ಬೇಗ ತೀರಿಕೊಂಡದ್ದನ್ನು ಹಟದ ಶಿಕ್ಷೆಯೆಂದು ಹೇಳುವುದೂ ಅಷ್ಟೇ ತಪ್ಪು. ಒಬ್ಬರ ಬದುಕು ಇನ್ನೊಬ್ಬರ ಗಂಟಿಗೆ ಪ್ರಮಾಣವಾಗಲಾರದು. ದುರಂತವೆಂದರೆ ನಮ್ಮ ಮನೆಗಳಲ್ಲಿ ತೀರ್ಮಾನಗಳು ಆಗುವುದೇ ಇಂಥ ಪ್ರಮಾಣಗಳ ಮೇಲೆ. ಪಕ್ಕದೂರಿನ ಯಾರೋ ನಾಟಿ ಮದ್ದಿನಲ್ಲಿ ಗುಣವಾದರಂತೆ, ದೂರದ ಸಂಬಂಧಿಯೊಬ್ಬರು ಕಿಮೋ ಆದ ಮೇಲೆಯೇ ಹೋದರಂತೆ ಎಂಬ ಮಾತು ವೈದ್ಯರ ವರದಿಗಿಂತ ಭಾರವಾಗಿಬಿಡುತ್ತದೆ.

ಈ ಸಾಲಿನಲ್ಲಿ ಈಚಿನದು ಆ್ಯನ್ ಬೋಯರ್ ಅವರ ‘ದಿ ಅನ್‌ಡೈಯಿಂಗ್’. 2019ರಲ್ಲಿ ಪ್ರಕಟವಾಗಿ, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ ಕೃತಿ. 2014ರಲ್ಲಿ, 41ರ ವಯಸ್ಸಿನಲ್ಲಿ, ಬೋಯರ್ ಅವರಿಗೆ ಟ್ರಿಪಲ್ ನೆಗೆಟಿವ್ ಎಂಬ ಉಗ್ರ ಬಗೆಯ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಮಗಳೊಬ್ಬಳನ್ನು ಒಂಟಿಯಾಗಿ ಸಾಕುತ್ತಿದ್ದ ಕವಯಿತ್ರಿ, ಅಧ್ಯಾಪಕಿ ಅವರು. ರೋಗಿಗಳ ನಡುವೆ ‘ಕೆಂಪು ದೆವ್ವ’ ಎಂಬ ಅಡ್ಡಹೆಸರು ಪಡೆದ ಡಾಕ್ಸೊರುಬಿಸಿನ್ ಔಷಧ ಅವರ ನರಕ್ಕೆ ಇಳಿಯುವಾಗ, ಅದನ್ನು ಕೊಡುವ ನರ್ಸ್ ಮಾತ್ರ ಮೈತುಂಬ ರಕ್ಷಾಕವಚ ತೊಟ್ಟಿರುತ್ತಾರೆ. ಎರಡೂ ಸ್ತನ ತೆಗೆದ ದಿನವೇ ಮನೆಗೆ ಕಳಿಸಲಾಗುತ್ತದೆ. ರಜೆ ಸಾಲದೆ ಕೆಲವೇ ದಿನಗಳಲ್ಲಿ ತರಗತಿಗೆ ಮರಳಬೇಕಾಗುತ್ತದೆ. ಗುಲಾಬಿ ರಿಬ್ಬನ್ ಮಾರಿ ಲಾಭ ಮಾಡಿಕೊಳ್ಳುವ ಕಂಪೆನಿಗಳ ಬಗ್ಗೆ ಅವರಿಗಿರುವ ಸಿಟ್ಟು ನ್ಯಾಯವಾದದ್ದು.

ಬೋಯರ್ ಅವರ ದೊಡ್ಡ ಸಾಧನೆಯೆಂದರೆ ‘ಆಯ್ಕೆ’ ಎಂಬ ಪದದ ಪೊಳ್ಳುತನವನ್ನು ತೋರಿಸಿಕೊಟ್ಟದ್ದು. ಸಹಿ ಹಾಕಿದವರು ಅವರೇ. ಆದರೆ ಸಂಬಳ, ರಜೆ, ವಿಮೆ, ಮಗಳು ಎಲ್ಲವೂ ಸೇರಿ ಅವರ ಕೈ ಹಿಡಿದು ಬರೆಸಿದಂತೆ ಆ ಸಹಿ. ಬಡವರ ಹಾಗೂ ಕೆಳಮಧ್ಯಮ ವರ್ಗದವರ ಪಾಲಿಗೆ ಇದು ಅಮೆರಿಕದ ಮಾತು ಮಾತ್ರವಲ್ಲ. ನಮ್ಮ ಓದುಗರಿಗೂ ಇದರ ಅರ್ಥ ವಿವರಿಸಬೇಕಾಗಿಲ್ಲ.

ಹಾಗಿದ್ದೂ ಈ ಕೃತಿಯ ಬಗ್ಗೆ ನಮಗೊಂದು ತಕರಾರಿದೆ. ಕಿಮೋ ಎಂದರೆ ವಿಷ ಎಂಬ ಚಿತ್ರ ಓದುಗರ ಮನಸ್ಸಿನಲ್ಲಿ ಎಷ್ಟು ಗಾಢವಾಗಿ ಉಳಿಯುತ್ತದೋ, ಆ ವಿಷ ಯಾರಿಗೆ ಅನಿವಾರ್ಯ, ಯಾರಿಗೆ ಅನಗತ್ಯ ಎಂಬ ವಿವೇಚನೆ ಅಷ್ಟು ಉಳಿಯುವುದಿಲ್ಲ. ಟ್ರಿಪಲ್ ನೆಗೆಟಿವ್ ರೋಗಕ್ಕೆ ಹಾರ್ಮೋನ್ ಮಾತ್ರೆ ಕೆಲಸ ಮಾಡುವುದಿಲ್ಲ. ಆದ್ದರಿಂದ ಅಲ್ಲಿ ಕಿಮೋವೇ ಮುಖ್ಯ ಆಸರೆ. ಆದರೆ ಬಹುಪಾಲು ಸ್ತನ ಕ್ಯಾನ್ಸರ್‌ಗಳು ಹಾರ್ಮೋನಿಗೆ ಸ್ಪಂದಿಸುವಂಥವು. ಅಲ್ಲಿ ಲೆಕ್ಕವೇ ಬೇರೆ. 2018ರಲ್ಲಿ ಪ್ರಕಟವಾದ ‘ಟೇಲರ್‌ಎಕ್ಸ್’ ಅಧ್ಯಯನ 10,273 ಮಹಿಳೆಯರನ್ನು ಒಳಗೊಂಡಿತ್ತು. ಕಂಕುಳಿನ ಗ್ರಂಥಿಗಳಿಗೆ ಹರಡದ, ಹಾರ್ಮೋನಿಗೆ ಸ್ಪಂದಿಸುವ ಗೆಡ್ಡೆಯ 21 ವಂಶವಾಹಿಗಳನ್ನು ಪರೀಕ್ಷಿಸಿ ಅಂಕ ಕೊಟ್ಟು ನೋಡಿದಾಗ, ಮಧ್ಯಮ ಅಂಕ ಬಂದವರಲ್ಲಿ ಹೆಚ್ಚಿನವರಿಗೆ ಹಾರ್ಮೋನ್ ಚಿಕಿತ್ಸೆಯೇ ಸಾಕೆಂದು ತಿಳಿಯಿತು. ಆದರೆ 50 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ, ಅಂಕ 16ರಿಂದ 25ರ ನಡುವೆ ಇದ್ದಾಗ, ಕಿಮೋದಿಂದ ಒಂದಿಷ್ಟು ಲಾಭ ಕಂಡಿತು. ಒಂದರಿಂದ ಮೂರು ಗ್ರಂಥಿಗಳಿಗೆ ಹರಡಿದವರ ಬಗ್ಗೆ 2021ರಲ್ಲಿ ಬಂದ ಅಧ್ಯಯನವೂ ಅದನ್ನೇ ಹೇಳಿತು. 25ರವರೆಗಿನ ಅಂಕದಲ್ಲಿ, ಮುಟ್ಟು ನಿಂತವರಿಗೆ ಕಿಮೋದಿಂದ ಲಾಭವಿಲ್ಲ, ನಿಲ್ಲದವರಿಗೆ ಇದೆ. ಆ ಲಾಭದಲ್ಲಿ ಎಷ್ಟು ಪಾಲು ಕಿಮೋ ಅಂಡಾಶಯವನ್ನು ಸುಮ್ಮನಾಗಿಸುವುದರಿಂದ ಬಂದದ್ದು ಎಂಬ ಚರ್ಚೆ ವೈದ್ಯರ ನಡುವೆ ಇನ್ನೂ ಮುಗಿದಿಲ್ಲ.

ಅಂದರೆ ಅತ್ಯಂತ ಕಷ್ಟದ ತೀರ್ಮಾನ ಬೀಳುವುದು ಎಳೆಯ ವಯಸ್ಸಿನವಳ ಮೇಲೆಯೇ. ಲಾಭವೂ ಅವಳಿಗೆ ಹೆಚ್ಚು, ನಷ್ಟವೂ ಅವಳಿಗೆ ಹೆಚ್ಚು. ಕೂದಲು ಮತ್ತೆ ಬೆಳೆಯುತ್ತದೆ, ಮುಟ್ಟು ಮರಳದೆ ಇರಬಹುದು. ಮಗು ಬೇಕೆಂಬ ಆಸೆಯಿದ್ದರೆ ಅಂಡಾಣು ಅಥವಾ ಭ್ರೂಣವನ್ನು ಶೈತ್ಯದಲ್ಲಿ ಕಾದಿಡುವ ಮಾತು ಮೊದಲ ಕಿಮೋಗೆ ಮುಂಚೆಯೇ ಆಗಬೇಕು. ಅಂಡಾಶಯಕ್ಕೆ ವಿರಾಮ ಕೊಡುವ ಚುಚ್ಚುಮದ್ದಿನ ವಿಚಾರವೂ ಹಾಗೆಯೇ. ನಂತರ ನೆನಪಾದರೆ ತಡವಾಗಿರುತ್ತದೆ.

ನಮ್ಮಲ್ಲಿ ಈ ಮಾತುಕತೆ ನಡೆಯುವುದು ಯಾರ ನಡುವೆ? ವೈದ್ಯರು ಗಂಡನೊಡನೆ ಮಾತಾಡುತ್ತಾರೆ, ಇಲ್ಲವೇ ಅಣ್ಣನೊಡನೆ. ಅವಳು ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಾಳೆ. ಅವಳಿಗೆ ಹೇಳಿದರೆ ಧೈರ್ಯಗೆಡುತ್ತಾಳೆ ಎಂಬುದು ಮನೆಯವರ ಕಾಳಜಿ. ಆ ಕಾಳಜಿ ನಿಜವಾದದ್ದೇ. ಆದರೆ ಅದು ಅವಳ ದೇಹದ ಲೆಕ್ಕವನ್ನು ಅವಳಿಂದಲೇ ಮರೆಮಾಚುತ್ತದೆ. ಭಾರತದಲ್ಲಿ ಮಹಿಳೆಯರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಸ್ತನದ್ದೇ ಮೊದಲ ಸ್ಥಾನದಲ್ಲಿದೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಇಲ್ಲಿ ರೋಗ ಪತ್ತೆಯಾಗುವ ಸರಾಸರಿ ವಯಸ್ಸು ಸುಮಾರು ಹತ್ತು ವರ್ಷ ಕಡಿಮೆ. ಹೀಗಿರುವಾಗ ಬೆಂಚಿನ ಮೇಲೆ ಕುಳಿತವಳು ಒಳಗೆ ಬರಲೇಬೇಕು. ನನ್ನ ಗೆಡ್ಡೆ ಯಾವ ಬಗೆಯದು, ಕಿಮೋ ತೆಗೆದುಕೊಂಡರೆ ನೂರರಲ್ಲಿ ಎಷ್ಟು ಮಂದಿಗೆ ಹೆಚ್ಚುವರಿ ಲಾಭ, ತೆಗೆದುಕೊಳ್ಳದಿದ್ದರೆ ಬೇರೆ ದಾರಿಯೇನು ಎಂದು ಅವಳೇ ಕೇಳಬೇಕು. ಉತ್ತರ ಕೇಳಿ ಅವಳು ಕಿಮೋ ಒಪ್ಪಿದರೆ ಅದು ಶರಣಾಗತಿಯಲ್ಲ. ಬೇಡವೆಂದರೆ ಅದು ಕೃತಘ್ನತೆಯಲ್ಲ.

ನಾವು ಓದಿದ ನಾಲ್ವರೂ ದಿಟ್ಟ ಬರಹಗಾರ್ತಿಯರು. ರೋಗಿಯನ್ನು ದೂಷಿಸಬೇಡಿ ಎಂದು ಸೊಂಟಾಗ್ ಕಲಿಸಿದರು, ದೇಹವನ್ನು ಬಚ್ಚಿಡಬೇಡಿ ಎಂದು ಲಾರ್ಡ್ ಹೇಳಿಕೊಟ್ಟರು. ಹಣವಿಲ್ಲದವಳ ಒಂಟಿತನ ಆಕರ್ ಅವರಲ್ಲಿದೆ, ಚಿಕಿತ್ಸೆಯ ಹಿಂದಿನ ಮಾರುಕಟ್ಟೆ ಬೋಯರ್ ಅವರಲ್ಲಿದೆ. ಆದರೆ ವೈದ್ಯರ ಮೇಜಿನ ಎದುರು ಕುಳಿತು, ವರದಿ ಹಿಡಿದು, ಒಂದೊಂದೇ ಪ್ರಶ್ನೆ ಕೇಳುತ್ತಾ ಒಂದು ತೀರ್ಮಾನಕ್ಕೆ ಬರುವ ಆ ಅರ್ಧ ಗಂಟೆ ಈ ಪುಸ್ತಕಗಳಲ್ಲಿ ಮುಖ್ಯವಾಗುವುದಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಇಂದು ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಆ ಅರ್ಧ ಗಂಟೆಯ ಬರವಣಿಗೆ. ಅದನ್ನು ಅನುಭವಿಸಿದವರು ಕನ್ನಡದಲ್ಲಿ ಬರೆಯಲಿ.