ಅಂಚಿಗೆ ನಿಂತವರು

ನನ್ನ ಪುಟ್ಟ ಒಲಿಂಪಸ್ ಮಿರರ್‌ಲೆಸ್ ಕ್ಯಾಮೆರಾಕ್ಕೆ ಅಗ್ಗದ ಫಿಶ್‌ಐ ಲೆನ್ಸ್ ಬೇಕಿತ್ತು. ಎರಡನ್ನು ಎರವಲು ತಂದು ನೋಡಿದೆ. ಒಂದು ಒಲಿಂಪಸ್‌ನದೇ 9 ಮಿ.ಮೀ. ಬಾಡಿ ಕ್ಯಾಪ್ ಲೆನ್ಸ್: ಮುಚ್ಚಳದಷ್ಟು ತೆಳು, 30 ಗ್ರಾಂ ತೂಕ, 140 ಡಿಗ್ರಿ ನೋಟ. ಆದರೆ ಬೆಳಕಿನ ಕಿಂಡಿ ಎಫ್/8ಕ್ಕೇ ಸ್ಥಿರ. ಇನ್ನೊಂದು ಸಮ್ಯಾಂಗ್ 7.5 ಮಿ.ಮೀ.: ಮೂಲೆಯಿಂದ ಮೂಲೆಗೆ 180 ಡಿಗ್ರಿ, ಎಫ್/3.5ರಲ್ಲಿ ಐದು ಪಟ್ಟು ಬೆಳಕು. ಫೋಕಸ್ ಮಾತ್ರ ಕೈಯಿಂದಲೇ ಮಾಡಬೇಕು.

ಔರಾದಿನ ಬಯಲಿಗೆ ಮೊದಲನೆಯದೇ ಸಾಕಾಯಿತು. ದಿಗಂತ ಚಿತ್ರದ ನಟ್ಟನಡುವೆ ಇದ್ದರೆ ನೇರ, ಸರಿದರೆ ಬಿಲ್ಲು. ಬೀದರ ಪಕ್ಕದ ಅಷ್ಟೂರಿನಲ್ಲಿ, ಅಹ್ಮದ್ ಶಾ ವಲಿಯ ಗೋರಿಯ ಮಬ್ಬು ಬೆಳಕಿನಲ್ಲಿ ಅದು ಸೋತಿತು. ಸಮ್ಯಾಂಗನ್ನು ನೆಟ್ಟಗೆ ಮೇಲಕ್ಕೆ ತಿರುಗಿಸಿದಾಗ ಗುಮ್ಮಟದ ಬಣ್ಣದ ಚಿತ್ತಾರ ಗುಂಡಗೆ, ಇಡಿಯಾಗಿ ಸಿಕ್ಕಿತು.

ಆ ಹುಮ್ಮಸ್ಸಿನಲ್ಲೇ ಭಾಲ್ಕಿಯ ಮನೆಯಂಗಳದಲ್ಲಿ ಎಲ್ಲರನ್ನೂ ಒಂದೇ ಚಿತ್ರದಲ್ಲಿ ಹಿಡಿದೆ. ನಡುವೆ ಕುಳಿತ ಗಂಡಸರು ನೆಟ್ಟಗಿದ್ದರು. ಅಡಿಗೆಮನೆಯಿಂದ ಕೊನೆಗೆ ಬಂದು ಅಂಚಿಗೆ ನಿಂತ ವೈನಿ ಬಾಗಿಹೋಗಿದ್ದರು.

“ನಾ ಇಷ್ಟು ಸೊಟ್ಟ ಅದೀನೇನವ್ವಾ?” ಎಂದರು. ನಗುತ್ತಲೇ ಕೇಳಿದ್ದು, ನನಗೆ ನಗು ಬರಲಿಲ್ಲ.

ಕೊನೆಗೆ ಸಮ್ಯಾಂಗನ್ನೇ ಕೊಂಡೆ, ಗುಮ್ಮಟಗಳಿಗಾಗಿ. ಮನೆಯವರ ಚಿತ್ರಕ್ಕೆ ಹಳೆಯ ಲೆನ್ಸೇ ಸಾಕು. ನಾಲ್ಕು ಹೆಜ್ಜೆ ನಾನೇ ಹಿಂದೆ ಸರಿದರಾಯಿತು.