ಮುಖವಿಲ್ಲದ ದೀನಾರ್

ಇಸ್ಲಾಂ ತನ್ನ ಮೊದಲ ಶತಮಾನದಲ್ಲಿ ಸಿರಿಯಾ, ಈಜಿಪ್ಟ್, ಇರಾನ್‌ಗಳಲ್ಲಿ ಬೇರೂರಿದ ಬಗೆಯನ್ನು ಅರಿಯಲು ಯುದ್ಧಗಳ ಪಟ್ಟಿಗಿಂತ ಒಂದು ಚಿನ್ನದ ನಾಣ್ಯ ಹೆಚ್ಚು ನೆರವಾಗುತ್ತದೆ. ಉಮಯ್ಯದ್ ವಂಶದ ಖಲೀಫ ಅಬ್ದುಲ್ ಮಲಿಕ್ ಹಿಜರಿ 77ರಲ್ಲಿ, ಅಂದರೆ ಕ್ರಿ.ಶ. 696–97ರಲ್ಲಿ, ಟಂಕಿಸಿದ ದೀನಾರ್ ಅದು; ತೂಕ ಸುಮಾರು 4.25 ಗ್ರಾಂ. ಅಲ್ಲಿಯವರೆಗೆ ಅರಬ್ ಆಡಳಿತಗಾರರು ಗೆದ್ದ ನಾಡುಗಳ ಹಣದ ಮಾದರಿಯನ್ನೇ ಮುಂದುವರಿಸಿದ್ದರು. ಇರಾನಿನ ಬೆಳ್ಳಿ ನಾಣ್ಯದಲ್ಲಿ ಹಿಂದಿನ ಸಸಾನಿ ವಂಶದ ದೊರೆಯ ಮುಖ, ಅಗ್ನಿವೇದಿಕೆ ಹಾಗೆಯೇ ಉಳಿದಿದ್ದವು. ಅಂಚಿನಲ್ಲಿ ಮಾತ್ರ ‘ಬಿಸ್ಮಿಲ್ಲಾ’ ಸೇರಿತ್ತು. ಸಂತೆಯಲ್ಲಿ ಜನ ನಂಬಿದ ಹಣವನ್ನು ಅವಸರದಿಂದ ಕೆಡಿಸದ ಈ ವಿವೇಕ ನಿಜಕ್ಕೂ ದೊಡ್ಡದು.

ಹೊಸ ದೀನಾರಿನಲ್ಲಿ ಮುಖವಿಲ್ಲ, ಖಲೀಫನ ಹೆಸರೂ ಇಲ್ಲ. ನಡುವೆ ಮೂರು ಸಾಲು ಕೂಫಿ ಶೈಲಿಯ ಅರಬ್ಬಿ ಲಿಪಿ, ಸುತ್ತ ಬಳೆಯಂತೆ ಇನ್ನೊಂದು ಸಾಲು. ಹಿಂಬದಿಯ ಅಂಚಿನಲ್ಲಿ ವರ್ಷ. ನೆಟ್ಟಗಿನ ಗೀಟುಗಳು, ನಡುವಿನ ಖಾಲಿ ಜಾಗ, ಇವೇ ಅದರ ಚೆಲುವು. ಚಿತ್ರ ಬಿಟ್ಟದ್ದರಿಂದ ಕಲೆ ಬಡವಾಯಿತು ಎನ್ನುವವರಿದ್ದಾರೆ. ಆದರೆ ಅದಕ್ಕೆ ಕೆಲವೇ ವರ್ಷ ಮೊದಲು ಇದೇ ಖಲೀಫ ತಾನು ಖಡ್ಗ ಹಿಡಿದು ನಿಂತ ರೂಪವನ್ನು ನಾಣ್ಯಕ್ಕೆ ಹಾಕಿಸಿದ್ದ. ಉಮಯ್ಯದ್ ಕಾಲದ ಕುಸೈರ್ ಅಮ್ರಾ ಅರಮನೆಯ ಗೋಡೆಗಳ ತುಂಬ ಮನುಷ್ಯರ ಚಿತ್ರಗಳಿವೆ. ಆದ್ದರಿಂದ ಅಕ್ಷರವನ್ನು ಆರಿಸಿಕೊಂಡದ್ದು ಯೋಚಿಸಿ ಮಾಡಿದ ಆಯ್ಕೆ, ಕೈಲಾಗದ ಕೊರತೆಯಲ್ಲ. ಈ ನಾಣ್ಯ ಅಧಿಕಾರದ ಬಲದಿಂದ ಹರಡಿತು ಎಂಬ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧಕ್ಕೆ ಇಂಗ್ಲೆಂಡಿನ ಉತ್ತರವಿದೆ. ಖಲೀಫರ ಆಳ್ವಿಕೆ ಎಂದೂ ಮುಟ್ಟದ ಅಲ್ಲಿನ ಮರ್ಸಿಯಾ ರಾಜ್ಯದ ದೊರೆ ಆಫಾ ಹಿಜರಿ 157ರ ದೀನಾರನ್ನು ಅರಬ್ಬಿ ಬರಹ ಸಮೇತ ನಕಲು ಮಾಡಿಸಿ, ನಡುವೆ ತನ್ನ ಹೆಸರು ಕೆತ್ತಿಸಿದ. ಆ ನಾಣ್ಯ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.