‘ಇಲ್ಲ’ ಎಂದವರು ಯಾರು?

ಮನೆಯಲ್ಲೇ ಮೇಲ್ ಸರ್ವರ್ ಇಟ್ಟುಕೊಳ್ಳುವ ಹವ್ಯಾಸಕ್ಕೆ ಬೇಕಾದ ಸರಂಜಾಮು ದೊಡ್ಡದೇನಲ್ಲ. ಹಳೆಯದೊಂದು ಲ್ಯಾಪ್‌ಟಾಪ್ ಅಥವಾ ಅಂಗೈಯಗಲದ ರಾಸ್ಪ್‌ಬೆರಿ ಪೈ, ಅದರೊಳಗೆ ಲಿನಕ್ಸ್, ಪತ್ರಗಳನ್ನು ಸಾಗಿಸಲು ಪೋಸ್ಟ್‌ಫಿಕ್ಸ್, ಬಂದ ಪತ್ರಗಳನ್ನು ಫೋನಿಗೆ ಒದಗಿಸಲು ಡವ್‌ಕಾಟ್, ವರ್ಷಕ್ಕೊಮ್ಮೆ ಹಣ ಕಟ್ಟುವ ಒಂದು ಡೊಮೇನ್ ಹೆಸರು. ಇಷ್ಟನ್ನೂ ಜೋಡಿಸಿದ ಮೇಲೆ ಎದುರಾಗುವ ಮೊದಲ ತೊಡಕು ಬಹುಮಟ್ಟಿಗೆ ಎಲ್ಲ ಕಡೆಯೂ ಒಂದೇ: ಸರ್ವರಿಗೆ ಸಂಪರ್ಕ ಸಿಗುವುದಿಲ್ಲ. ಆಗ ಹೆಚ್ಚಿನವರ ಕೈ ಹೋಗುವುದು ಪೋಸ್ಟ್‌ಫಿಕ್ಸಿನ ಹೊಂದಾಣಿಕೆ ಕಡತದ ಕಡೆಗೆ. ಒಂದು ಸಾಲು ತಿದ್ದಿ ನೋಡುತ್ತಾರೆ, ಆಗದಿದ್ದರೆ ಇನ್ನೊಂದು. ಇದು ಕೆಟ್ಟ ಅಭ್ಯಾಸ ಎಂಬುದೇ ಈ ವಾರದ ವಾದ. ಕಡತ ಮುಟ್ಟುವ ಮೊದಲು ತಿಳಿಯಬೇಕಾದದ್ದು, ‘ಇಲ್ಲ’ ಎಂದವರು ಯಾರು ಎನ್ನುವುದನ್ನು. ಕುಂದಗೋಳ ತಾಲ್ಲೂಕಿನ ಗುಡಗೇರಿಯಂಥ ಊರಲ್ಲಿ ಈ ಪ್ರಶ್ನೆಗೆ ತೂಕ ಇನ್ನೂ ಹೆಚ್ಚು. ಅಲ್ಲಿ ಬಾಗಿಲು ಮುಚ್ಚಿದವರು ಮನೆಯೊಳಗೆ ಇಲ್ಲದಿರುವ ಸಂಭವವೇ ಜಾಸ್ತಿ.

ಇಂಟರ್‌ನೆಟ್ಟಿನ ಸಾಗಣೆ ನಿಯಮವಾದ ಟಿಸಿಪಿ 1981ರ ಸೆಪ್ಟೆಂಬರಿನಲ್ಲಿ ಆರ್‌ಎಫ್‌ಸಿ 793 ಎಂಬ ದಾಖಲೆಯಾಗಿ ಹೊರಬಂತು. 2022ರಲ್ಲಿ ಅದರ ಜಾಗಕ್ಕೆ ಆರ್‌ಎಫ್‌ಸಿ 9293 ಬಂದರೂ ಒಂದು ಕಟ್ಟಳೆ ಹಾಗೇ ಉಳಿದಿದೆ: ಯಾರೂ ಆಲಿಸುತ್ತಿಲ್ಲದ ಪೋರ್ಟಿಗೆ ಸಂಪರ್ಕದ ಕೋರಿಕೆ ಬಂದರೆ ಯಂತ್ರ ‘ರೀಸೆಟ್’ ಎಂಬ ಉತ್ತರವನ್ನು ಹಿಂದಕ್ಕೆ ಕಳಿಸಬೇಕು. ಪರದೆಯ ಮೇಲೆ ಕಾಣುವ ‘ಕನೆಕ್ಷನ್ ರಿಫ್ಯೂಸ್ಡ್’ ಎಂಬುದು ಆ ಉತ್ತರವೇ. ಆದ್ದರಿಂದ ಅದು ಕೆಟ್ಟ ಸುದ್ದಿಗಿಂತ ಹೆಚ್ಚಾಗಿ ಒಳ್ಳೆಯ ಸುದ್ದಿ. ಕೋರಿಕೆ ಹೊರಟಿತು, ಯಾವುದೋ ಯಂತ್ರವನ್ನು ಮುಟ್ಟಿತು, ಆ ಯಂತ್ರ ಎಚ್ಚರವಿತ್ತು, ಅದರ ಮಾತು ಹಿಂದಿರುಗಿ ಬಂತು. ಇಷ್ಟೂ ಒಂದೇ ಸಾಲಿನಲ್ಲಿ ರುಜುವಾಯಿತು. ‘ಟೈಮ್ಡ್ ಔಟ್’ ಎಂದು ಬಂದರೆ ಇದ್ಯಾವುದೂ ರುಜುವಾಗುವುದಿಲ್ಲ. ದಾರಿಯಲ್ಲಿ ಯಾರೋ ಕೋರಿಕೆಯನ್ನು ಸದ್ದಿಲ್ಲದೆ ಬಿಸಾಕಿದ್ದಾರೆ. ಗಡಿಯಾರ ನೋಡಿಯೂ ಇವೆರಡನ್ನು ಬೇರ್ಪಡಿಸಬಹುದು. ರೀಸೆಟ್ ಬರುವುದು ಕ್ಷಣಾರ್ಧದಲ್ಲಿ. ಮೌನವಾದರೆ ಲಿನಕ್ಸ್ ಯಂತ್ರ ಮತ್ತೆ ಮತ್ತೆ ಕೋರಿಕೆ ಕಳಿಸಿ, ಪ್ರತಿಸಲವೂ ಕಾಯುವ ಹೊತ್ತನ್ನು ಇಮ್ಮಡಿ ಮಾಡುತ್ತ ಹೋಗುತ್ತದೆ. ಬಹುಕಾಲ ಬಳಕೆಯಲ್ಲಿರುವ ಹೊಂದಾಣಿಕೆಯಲ್ಲಿ ಅದು ಕೈಚೆಲ್ಲಲು 127 ಸೆಕೆಂಡು ಬೇಕು. ಫೋನಿನ ಮೇಲ್ ಆ್ಯಪ್ ಮಾತ್ರ ಎರಡಕ್ಕೂ ‘ಸರ್ವರಿಗೆ ಸಂಪರ್ಕಿಸಲು ಆಗಲಿಲ್ಲ’ ಎಂಬ ಒಂದೇ ಮಾತು ಹೇಳಿ ಕೈತೊಳೆದುಕೊಳ್ಳುತ್ತದೆ. ಅವಧಿ ಮುಗಿದ ಪ್ರಮಾಣಪತ್ರಕ್ಕೂ ಎಷ್ಟೋ ಸಲ ಅದೇ ಮಾತು. ಪತ್ತೆಯ ಕೆಲಸಕ್ಕೆ ಆ್ಯಪ್ ಸಾಲದು. ಟರ್ಮಿನಲ್ಲಿನ ಟೆಲ್‌ನೆಟ್ ಬೇಕು.

ರಿಫ್ಯೂಸ್ಡ್ ಎಂದೇ ಬಂತು ಎನ್ನೋಣ. ಆಗ ಹುಡುಕಾಟದ ಜಾಗ ಕಿರಿದಾಗುತ್ತದೆ. ಸೇವೆ ನಿಂತುಹೋಗಿರಬಹುದು, ಅಥವಾ ನಡೆಯುತ್ತಿದ್ದರೂ 127.0.0.1 ಎಂಬ ಒಳವಿಳಾಸದಲ್ಲಿ ಮಾತ್ರ ಆಲಿಸುತ್ತಿರಬಹುದು. ಫೆಡೋರಾ ಬಳಗದ ಲಿನಕ್ಸ್‌ಗಳು ಪೋಸ್ಟ್‌ಫಿಕ್ಸನ್ನು ಒದಗಿಸುವುದೇ ಹೀಗೆ. ಬೇರೆ ಸರ್ವರ್‌ಗಳು ಪತ್ರ ತರುವ ಪೋರ್ಟ್ 25 ಉತ್ತರಿಸಿ, ನಮ್ಮ ಫೋನು ಪತ್ರ ಒಪ್ಪಿಸುವ 587 ನಿರಾಕರಿಸಿದರೆ ಮಾಸ್ಟರ್ ಕಡತದಲ್ಲಿ ‘ಸಬ್‌ಮಿಷನ್’ ಸಾಲಿನ ಮುಂದಿನ ಕಮೆಂಟ್ ಗುರುತನ್ನು ಇನ್ನೂ ತೆಗೆದಿಲ್ಲ ಎಂದು ಮೊದಲ ಅನುಮಾನ ಪಡಬೇಕು. ಕರೆಂಟು ಹೋಗಿ ಬರುವ ಊರಲ್ಲಿ ಇನ್ನೆರಡು ಕಾರಣ ಸೇರಿಕೊಳ್ಳುತ್ತವೆ. ಪೋಸ್ಟ್‌ಫಿಕ್ಸಿಗೆ ಇಂಥದೇ ಐಪಿ ವಿಳಾಸದಲ್ಲಿ ಆಲಿಸು ಎಂದು ಬರೆದಿಟ್ಟಿದ್ದರೆ, ಕರೆಂಟು ಮರಳಿದಾಗ ರೌಟರ್ ವಿಳಾಸ ಹಂಚುವ ಮೊದಲೇ ಸರ್ವರ್ ಎದ್ದುಬಿಡುತ್ತದೆ. ಇನ್ನೂ ಸಿಗದ ವಿಳಾಸದಲ್ಲಿ ಕೂರಲಾಗದೆ ಪೋಸ್ಟ್‌ಫಿಕ್ಸ್ ಅಲ್ಲಿಗೇ ಬಿದ್ದುಹೋಗುತ್ತದೆ. ಎರಡನೆಯದು ಇನ್ನೂ ತಮಾಷೆಯದು. ರೌಟರ್ ಹೊಸದಾಗಿ ವಿಳಾಸ ಹಂಚುವಾಗ ಸರ್ವರಿನ ಹಳೆಯ ಸಂಖ್ಯೆ ಟಿವಿಗೋ ಇನ್ಯಾರದೋ ಫೋನಿಗೋ ಹೋಗಿರುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಪಟ್ಟಿ ಮಾತ್ರ ಹಳೆಯ ಸಂಖ್ಯೆಗೇ ಕೋರಿಕೆಗಳನ್ನು ಕಳಿಸುತ್ತಲೇ ಇರುತ್ತದೆ. ‘ಇಲ್ಲ’ ಎನ್ನುತ್ತಿರುವುದು ಟಿವಿ. ತಿದ್ದುತ್ತಿರುವುದು ಪೋಸ್ಟ್‌ಫಿಕ್ಸಿನ ಕಡತ! ಸರ್ವರಿಗೆ ರೌಟರಿನಲ್ಲಿ ಖಾಯಂ ಸಂಖ್ಯೆ ಕಾಯ್ದಿರಿಸಿದರೆ ಈ ಎರಡನೆಯ ಕಾಟ ಬಹುಪಾಲು ಮುಗಿಯುತ್ತದೆ.

ಬಲ್ಲವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ, ಅದು ನ್ಯಾಯವಾದದ್ದೇ. ರೀಸೆಟ್ಟನ್ನು ಸರ್ವರೇ ಕಳಿಸಬೇಕೆಂದಿಲ್ಲ. ದಾರಿಯ ಫೈರ್‌ವಾಲ್ ಕೂಡ ಸರ್ವರಿನ ಹೆಸರಲ್ಲಿ ಕಳಿಸಬಲ್ಲದು. ಹಾಗೆಯೇ ಮೌನ ಎಂದರೆ ತಪ್ಪು ಹೊರಗಿನದೇ ಎಂದೂ ಹೇಳಲಾಗದು. ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲನ್ನು ಚಾಲೂ ಮಾಡಿದರೆ ಒಪ್ಪಿಗೆಯಿಲ್ಲದ ಕೋರಿಕೆಗಳನ್ನು ಅದು ಸದ್ದಿಲ್ಲದೆ ಎಸೆಯುತ್ತದೆ. ಹಾಗಾದರೆ ಈ ಭೇದದಿಂದ ಏನು ಪ್ರಯೋಜನ? ಪ್ರಯೋಜನವಿದೆ, ಒಂದು ಸಾಕ್ಷಿಯನ್ನು ಜೊತೆಗೆ ಸೇರಿಸಿಕೊಂಡರೆ. ಮಲಪ್ರಭಾ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಾರದಿದ್ದರೆ ರೈತ ಹೊಲದ ಬದು ಅಗೆಯುತ್ತ ಕೂರುವುದಿಲ್ಲ. ಎಲ್ಲಿಯವರೆಗೆ ನೀರು ಬಂದಿದೆ ಎಂದು ಕಾಲುವೆಗುಂಟ ನಡೆದು ನೋಡುತ್ತಾನೆ. ಸರ್ವರಿನಲ್ಲಿ ಆ ನಡಿಗೆಗೆ ಟಿಸಿಪಿಡಂಪ್ ಎಂಬ ಸಲಕರಣೆ ಇದೆ. ಒಳಬರುವ ಪ್ಯಾಕೆಟ್ಟನ್ನು ಅದು ಯಂತ್ರದ ಫೈರ್‌ವಾಲಿಗಿಂತ ಮೊದಲೇ ಕಾಣುತ್ತದೆ. ಹೊರಗಿನಿಂದ ಕೋರಿಕೆ ಕಳಿಸಿದಾಗ ಅದು ಇಲ್ಲಿ ಕಂಡು, ಉತ್ತರ ಮಾತ್ರ ಹೊರಡದಿದ್ದರೆ ತಡೆದದ್ದು ಯಂತ್ರದ ಫೈರ್‌ವಾಲ್. ಕೋರಿಕೆಯೂ ಕಂಡು ರೀಸೆಟ್ಟೂ ಹೊರಟರೆ ತೊಡಕು ಸೇವೆಯದು. ಕೋರಿಕೆಯೇ ಕಾಣದಿದ್ದರೆ ಈ ಯಂತ್ರದಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಉಳಿದದ್ದು ರೌಟರ್ ಮತ್ತು ಅದರ ಆಚೆಯ ಲೋಕ.

ಆಚೆಯ ಲೋಕದಲ್ಲಿ ಹಳ್ಳಿಯ ಸಂಪರ್ಕಕ್ಕೆ ಒಂದು ಹುಟ್ಟುದೋಷವಿದೆ. ಐಪಿವಿ4 ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲಿ ಖಾಲಿಯಾಯಿತು. ನಮ್ಮ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆ ಅದೇ ವರ್ಷದ ಏಪ್ರಿಲ್ 15ರಂದು ತನ್ನ ಕೊನೆಯ ಕಂತಿಗೆ ಕೈಹಾಕಿ ಪಡಿತರ ಶುರುಮಾಡಿತು. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ, ಅಂದರೆ ಮುಂದೆ ಭಾರತ್‌ನೆಟ್ ಎಂದು ಹೆಸರಾದ ಕಾರ್ಯಕ್ರಮಕ್ಕೆ, ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಹಳ್ಳಿಗೆ ತಂತಿ ಹೊರಡುವ ಹೊತ್ತಿಗೆ ವಿಳಾಸ ತೀರಿಹೋಗಿತ್ತು. ತಡವಾಗಿ ಬಂದ ಗಿರಾಕಿಗಳಿಗೆ ಹಂಚಿಕೆಯ ವಿಳಾಸವೇ ಗತಿ: ಒಂದು ಸಾರ್ವಜನಿಕ ಐಪಿಯ ಹಿಂದೆ ನೂರಾರು ಮನೆಗಳನ್ನು ಕೂರಿಸುವ ಸಿಜಿನ್ಯಾಟ್ ಪದ್ಧತಿ. ಅದಕ್ಕೆಂದೇ 2012ರ ಏಪ್ರಿಲಿನಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಮೀಸಲಿಟ್ಟರು. ಈ ಪದ್ಧತಿಯಲ್ಲಿ ಮನೆಯಿಂದ ಹೊರಗೆ ಹೋಗಬಹುದು; ಹೊರಗಿನವರು ಮನೆಯನ್ನು ಹುಡುಕಿ ಬರಲಾರರು, ಏಕೆಂದರೆ ನೂರಾರು ಮನೆಗಳಲ್ಲಿ ಯಾವುದಕ್ಕೆ ಬಂದ ಕೋರಿಕೆ ಎಂದು ಕಂಪನಿಯ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಪರೀಕ್ಷೆ ಸುಲಭ. ರೌಟರಿನ ಪುಟದಲ್ಲಿ ಕಾಣುವ ಹೊರವಿಳಾಸವೂ ‘ನನ್ನ ಐಪಿ ಯಾವುದು’ ಎಂದು ಹೊರಗಿನ ತಾಣವನ್ನು ಕೇಳಿದಾಗ ಸಿಗುವ ವಿಳಾಸವೂ ಬೇರೆಯಾಗಿದ್ದರೆ, ಪೋರ್ಟ್ ಫಾರ್ವರ್ಡಿಂಗ್ ಎಷ್ಟು ತಿದ್ದಿದರೂ ವ್ಯರ್ಥ. ಈ ಪರೀಕ್ಷೆಗಳಲ್ಲಿ ಎರಡು ಎಚ್ಚರ ಬೇಕು. ಮನೆಯ ವೈಫೈನೊಳಗೆ ಕೂತು ಮನೆಯದೇ ಹೊರವಿಳಾಸವನ್ನು ಕರೆದರೆ ಹಲವು ರೌಟರ್‌ಗಳು ಆ ಕೋರಿಕೆಯನ್ನು ತಿರುಗಿಸಿ ಒಳಗೆ ತರಲಾರವು, ಹಾಗಾಗಿ ಮೊಬೈಲ್ ಡೇಟಾದಿಂದ ನೋಡಬೇಕು. ಮೊಬೈಲ್ ಜಾಲಗಳು 25ನೇ ಪೋರ್ಟನ್ನು ತಡೆದಿರುವುದುಂಟು, ಹಾಗಾಗಿ ಡವ್‌ಕಾಟ್ ಆಲಿಸುವ 993ನ್ನೂ ತಟ್ಟಿ ನೋಡಬೇಕು.

ಐಪಿವಿ6 ಇದೆಯಲ್ಲ, ಈ ಗೋಳೇಕೆ ಎಂಬುದು ಮುಂದಿನ ಪ್ರಶ್ನೆ. ಐಪಿವಿ6 ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ಇಲ್ಲಿಂದ ಗೂಗಲ್ಲಿಗೆ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದರ ಮೂಲಕವೇ ಬರುತ್ತಾರೆ. ಅದರಲ್ಲಿ ಮನೆಯ ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸ ಸಿಗುತ್ತದೆ, ನಿಜ. ಆದರೆ ಹೊರಗಿನಿಂದ ಬರುವ ಐಪಿವಿ6 ಕೋರಿಕೆಗಳನ್ನು ಮನೆಯ ರೌಟರ್‌ಗಳು ಸಾಮಾನ್ಯವಾಗಿ ತಡೆದೇ ಇಟ್ಟಿರುತ್ತವೆ, ಅದನ್ನು ನಾವೇ ಬಿಡಿಸಬೇಕು. ಮೇಲಾಗಿ ಪತ್ರ ಕಳಿಸುವ ಎಷ್ಟೋ ಸಂಸ್ಥೆಗಳ ಸರ್ವರ್‌ಗಳಿಗೆ ಇಂದಿಗೂ ಐಪಿವಿ4 ಒಂದೇ ಗೊತ್ತು. ಐಪಿವಿ6 ಮಾತ್ರ ಇರುವ ಮನೆಗೆ ಜಿಮೇಲಿನ ಪತ್ರ ಬಂದೀತು, ಇನ್ಯಾವುದೋ ಕಚೇರಿಯದು ಬಾರದಿದ್ದೀತು. ಅರ್ಧ ಪತ್ರ ಬರುವ ಸರ್ವರ್, ಒಂದೂ ಬಾರದ ಸರ್ವರಿಗಿಂತ ಅಪಾಯಕಾರಿ, ಏಕೆಂದರೆ ಅದನ್ನು ನಂಬಿಬಿಡುತ್ತೇವೆ. ಹಾಗಾಗಿ ಗಟ್ಟಿ ದಾರಿ ಎರಡೇ. ಒಂದು, ಹಣ ಕೊಟ್ಟು ಸ್ಥಿರ ಸಾರ್ವಜನಿಕ ಐಪಿ ಪಡೆಯುವುದು. ಇನ್ನೊಂದು, ಸಾರ್ವಜನಿಕ ಐಪಿ ಇರುವ ಸಣ್ಣ ಬಾಡಿಗೆ ಯಂತ್ರ ಹಿಡಿದು, ಮನೆಯಿಂದ ಅದಕ್ಕೆ ವೈರ್‌ಗಾರ್ಡ್ ಸುರಂಗ ತೋಡುವುದು; ಸಂಪರ್ಕ ಮನೆಯ ಕಡೆಯಿಂದ ಹೊರಡುವುದರಿಂದ ಸಿಜಿನ್ಯಾಟ್ ಅಡ್ಡಿಯಾಗದು. ಯಂತ್ರ ಬಾಡಿಗೆಗೆ ಹಿಡಿಯುವ ಮುನ್ನ ಅಲ್ಲಿ 25ನೇ ಪೋರ್ಟ್ ಬಿಟ್ಟಿದ್ದಾರೆಯೇ ಎಂದು ಕೇಳಿಕೊಳ್ಳಬೇಕು.

ಮೂರನೆಯ ಬಗೆಯ ನಿರಾಕರಣೆ ಬರುವುದು ಪತ್ರ ಕಳಿಸುವಾಗ. ಇಲ್ಲಿ ಸಂಪರ್ಕ ಸಿಗುತ್ತದೆ, ಆಚೆಯ ಸರ್ವರ್ 220 ಎಂದು ನಮಸ್ಕರಿಸುತ್ತದೆ, ಮಾತು ಕೇಳುತ್ತದೆ, ಆಮೇಲೆ 550 ಅಥವಾ 554 ಎಂದು ಪತ್ರವನ್ನು ತಿರುಗಿಸುತ್ತದೆ. ಇದು ಅತ್ಯಂತ ಸಭ್ಯ ನಿರಾಕರಣೆ. ಸಂಖ್ಯೆಯ ಪಕ್ಕದಲ್ಲೇ ಸಾಮಾನ್ಯವಾಗಿ ಕಾರಣವೂ ಇರುತ್ತದೆ. 4ರಿಂದ ಶುರುವಾಗುವ ಸಂಖ್ಯೆ ‘ಆಮೇಲೆ ಬಾ’ ಎನ್ನುವುದು, 5ರಿಂದ ಶುರುವಾಗುವುದು ‘ಬರಬೇಡ’ ಎನ್ನುವುದು. ಮನೆಯ ಸರ್ವರಿಗೆ ಸಿಗುವ ಕಾರಣಗಳು ಹೆಚ್ಚಾಗಿ ಇವು: ಗೃಹ ಸಂಪರ್ಕದ ವಿಳಾಸಗಳಿಂದ ನೇರವಾಗಿ ಪತ್ರ ಬರಕೂಡದು ಎಂದು ಸ್ಪ್ಯಾಮ್‌ಹೌಸ್ ಇಟ್ಟಿರುವ ಪಟ್ಟಿಯಲ್ಲಿ ನಮ್ಮ ಐಪಿ ಇದೆ, ಐಪಿಯಿಂದ ಹೆಸರಿಗೆ ಹೋಗುವ ಪಿಟಿಆರ್ ದಾಖಲೆ ಇಲ್ಲ, ಪತ್ರ ನಮ್ಮ ಡೊಮೇನಿನದೇ ಎಂದು ತೋರಿಸುವ ಎಸ್‌ಪಿಎಫ್ ಅಥವಾ ಡಿಕೆಐಎಂ ಸಾಕ್ಷ್ಯವಿಲ್ಲ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ಸಾಕ್ಷ್ಯಗಳನ್ನು ಇನ್ನಷ್ಟು ಬಿಗಿಯಾಗಿ ಕೇಳುತ್ತಿವೆ. ಪಿಟಿಆರ್ ಬರೆಯುವ ಅಧಿಕಾರ ಐಪಿ ಯಾರದೋ ಅವರದು, ನಮ್ಮದಲ್ಲ. ಇದರೊಡನೆ ಗುದ್ದಾಡುವುದಕ್ಕಿಂತ, ಬರುವ ಪತ್ರವನ್ನು ಮನೆಯಲ್ಲೇ ಪಡೆದು, ಹೋಗುವ ಪತ್ರವನ್ನು ಒಳ್ಳೆಯ ಹೆಸರಿರುವ ರಿಲೇ ಸೇವೆಯ ಮೂಲಕ ಕಳಿಸುವುದು ಜಾಣತನ.

ಕರೆಂಟಿನ ನೆಚ್ಚಿಕೆಯಿಲ್ಲದ ಹಳ್ಳಿಯಲ್ಲಿ ಸರ್ವರ್ ಇಡುವುದೇ ಹುಚ್ಚುತನ ಎನ್ನುವವರಿದ್ದಾರೆ. ಉಳಿದ ಸೇವೆಗಳಿಗೆ ಆ ಮಾತು ಸಲ್ಲಬಹುದು, ಇಮೇಲಿಗೆ ಸಲ್ಲದು. ಇಮೇಲಿನ ನಿಯಮಗಳನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಾಗ ಯಂತ್ರಗಳು ಆಗಾಗ ಮಲಗುವುದು ಮಾಮೂಲಿಯಾಗಿತ್ತು. 2008ರ ಆರ್‌ಎಫ್‌ಸಿ 5321 ಕೂಡ ಅದನ್ನು ಒಪ್ಪಿಕೊಂಡಿದೆ: ಸಂಪರ್ಕ ಸಿಗದಿದ್ದರೆ ಕಳಿಸುವ ಸರ್ವರ್ ಪತ್ರವನ್ನು ತನ್ನಲ್ಲೇ ಇಟ್ಟುಕೊಂಡು, ಅರ್ಧ ಗಂಟೆಯಾದರೂ ಬಿಟ್ಟು ಮತ್ತೆ ಬಂದು, ಕನಿಷ್ಠ ನಾಲ್ಕೈದು ದಿನ ಯತ್ನಿಸಬೇಕು. ಹೆಸ್ಕಾಂ ಲೈನು ಒಂದು ರಾತ್ರಿ ಸತ್ತರೆ ಪತ್ರ ತಡವಾದೀತು, ಕಳೆದುಹೋಗದು. ಈ ನಾಲ್ಕೈದು ದಿನಗಳ ಗಡುವೇ ಗಾಬರಿ ಬೀಳದೆ ಪತ್ತೆ ಮಾಡಲು ಸಿಕ್ಕ ಅವಕಾಶವೂ ಹೌದು.

ಗಾಬರಿಯ ಬೆಲೆ ಸಣ್ಣದಲ್ಲ ಎಂಬುದೇ ನನ್ನ ಕೊನೆಯ ಸಾಕ್ಷಿ. ಇಷ್ಟೆಲ್ಲ ವಿಚಾರಣೆಗಿಂತ ಏನಾದರೊಂದು ತಿದ್ದಿ ನೋಡುವುದೇ ಬೇಗ ಎನ್ನುವವರು ತಿದ್ದುವ ಸಾಲುಗಳನ್ನು ಗಮನಿಸಿ. ಫೈರ್‌ವಾಲ್ ಆರಿಸುತ್ತಾರೆ, ರೌಟರಿನ ಡಿಎಂಜಡ್‌ಗೆ ಸರ್ವರನ್ನು ಇಟ್ಟು ಎಲ್ಲ ಪೋರ್ಟುಗಳನ್ನೂ ತೆರೆಯುತ್ತಾರೆ, ಕೊನೆಗೆ ಪೋಸ್ಟ್‌ಫಿಕ್ಸಿನ ‘ಮೈನೆಟ್‌ವರ್ಕ್ಸ್’ ಸಾಲಿನಲ್ಲಿ 0.0.0.0/0 ಎಂದು ಬರೆಯುತ್ತಾರೆ, ಅಂದರೆ ಜಗತ್ತೆಲ್ಲ ನಮ್ಮ ಮನೆಯದೇ ಎನ್ನುತ್ತಾರೆ. ಈ ಮೂರನೆಯದಕ್ಕೂ ಸಂಪರ್ಕ ಸಿಗದಿರುವುದಕ್ಕೂ ಸಂಬಂಧವೇ ಇಲ್ಲ. ಮುಂದೊಂದು ದಿನ ನಿಜವಾದ ಅಡ್ಡಿ ಸರಿದು ಬಾಗಿಲು ತೆರೆದುಕೊಂಡಾಗ ಆ ಸಾಲು ಅಲ್ಲೇ ಉಳಿದಿರುತ್ತದೆ. ಮನೆಯ ಸರ್ವರ್ ಯಾರ ಪತ್ರವನ್ನಾದರೂ ಯಾರಿಗಾದರೂ ಸಾಗಿಸುವ ಸ್ಪ್ಯಾಮ್ ಕಾರ್ಖಾನೆಯಾಗುತ್ತದೆ, ಡೊಮೇನಿನ ಹೆಸರು ಕಪ್ಪುಪಟ್ಟಿ ಸೇರುತ್ತದೆ. ಸಂಪರ್ಕ ಸಿಗದ ಸರ್ವರನ್ನು ಒಂದು ಸಂಜೆಯಲ್ಲಿ ಸರಿಪಡಿಸಬಹುದು, ಕೆಟ್ಟ ಹೆಸರನ್ನು ತಿಂಗಳುಗಟ್ಟಲೆ ತೊಳೆಯಬೇಕು. ಆದ್ದರಿಂದ ಗುಡಗೇರಿಯ ಹವ್ಯಾಸಿಗೆ ಹೇಳುವುದಿಷ್ಟೆ: ಟೆಲ್‌ನೆಟ್ಟಿನ ಉತ್ತರ, ಟಿಸಿಪಿಡಂಪಿನ ಸಾಕ್ಷಿ, ರೌಟರಿನ ಹೊರವಿಳಾಸ ಈ ಮೂರನ್ನೂ ಕಾಗದದ ಮೇಲೆ ಬರೆದುಕೊಳ್ಳುವವರೆಗೆ ಹೊಂದಾಣಿಕೆ ಕಡತ ತೆರೆಯಬೇಡಿ. ಮೂರೂ ಕೈಯಲ್ಲಿದ್ದರೆ ತಿದ್ದಬೇಕಾದದ್ದು ಒಂದೇ ಸಾಲೋ, ಕಟ್ಟಬೇಕಾದದ್ದು ಸ್ಥಿರ ಐಪಿಯ ಹಣವೋ ಎಂಬುದು ತಾನಾಗಿ ಇತ್ಯರ್ಥವಾಗುತ್ತದೆ.